ರಜೆಯ ನೂಕುನುಗ್ಗಲಿನಲ್ಲಿ ವಿಮಾನ ನಿಲ್ದಾಣವನ್ನು ದಾಟುವ ಬಗೆ

ಸಾಮಾನ್ಯ ದಿನಗಳಲ್ಲಿ ಹತ್ತು ನಿಮಿಷಗಳಲ್ಲಿ ಮುಗಿಯುವ ಭದ್ರತಾ ತಪಾಸಣೆಗೆ ರಜೆಯ ದಿನಗಳಲ್ಲಿ ಒಂದು ಗಂಟೆ ಹಿಡಿದರೆ, ಪ್ರಯಾಣಿಕರ ಸಂಖ್ಯೆಯೂ ಆರು ಪಟ್ಟು ಹೆಚ್ಚಿರಬೇಕೆಂದು ನಮಗೆ ಅನ್ನಿಸುತ್ತದೆ. ಸರತಿ ಸಾಲಿನ ಲೆಕ್ಕ ಹಾಗೆ ನಡೆಯುವುದಿಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯೊಂದರಲ್ಲಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳನ್ನು ಕುರಿತು ಆರಂಭಿಸಿದ ಲೆಕ್ಕಾಚಾರವೇ ಇಂದು ಎಲ್ಲ ಬಗೆಯ ಸಾಲುಗಳಿಗೂ ಅನ್ವಯಿಸುತ್ತದೆ. ಒಂದು ಕೌಂಟರಿನಲ್ಲಿ ಒಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ ಬೇಕು, ಜನರು ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಕೆಲವರ ಕೆಲಸ ಬೇಗ ಮುಗಿದರೆ ಕೆಲವರದು ತಡವಾಗುತ್ತದೆ ಎಂದು ಇಟ್ಟುಕೊಳ್ಳೋಣ. ಕೌಂಟರು ತನ್ನ ಸಾಮರ್ಥ್ಯದ ಅರ್ಧದಷ್ಟು ಮಾತ್ರ ದುಡಿಯುತ್ತಿರುವಾಗ ಸಾಲಿನಲ್ಲಿ ಕಾಯಬೇಕಾದ ಸರಾಸರಿ ಹೊತ್ತು 1 ನಿಮಿಷ. ಶೇಕಡಾ 80ರಷ್ಟು ದುಡಿಯುವಾಗ 4 ನಿಮಿಷ. 90ಕ್ಕೆ ಏರಿದಾಗ 9 ನಿಮಿಷ. 95ಕ್ಕೆ ಮುಟ್ಟಿದಾಗ 19 ನಿಮಿಷ. ಕೊನೆಯ ಐದು ಶೇಕಡಾದಲ್ಲಿಯೇ ಕಾಯುವ ಹೊತ್ತು ಇಮ್ಮಡಿಯನ್ನೂ ಮೀರಿತು. ರಜೆಯ ದಿನಗಳಲ್ಲಿ ನಿಲ್ದಾಣದ ಪ್ರತಿಯೊಂದು ಕೌಂಟರೂ ಈ ಅಂಚಿನಲ್ಲಿಯೇ ಇರುತ್ತದೆ. ಹಾಗಾಗಿ ಯಾರೋ ಒಬ್ಬರು ಪಾಸ್‌ಪೋರ್ಟ್ ಹುಡುಕಲು ತೆಗೆದುಕೊಂಡ ಐದು ನಿಮಿಷ, ಅವರ ಹಿಂದಿರುವ ಎಲ್ಲರ ಐದು ನಿಮಿಷವಾಗುತ್ತದೆ.

ಆ ಸಾಲನ್ನು ಕುಗ್ಗಿಸುವುದು ಪ್ರಯಾಣಿಕರ ಕೈಯಲ್ಲಿಲ್ಲ. ನಿಲ್ಲಬೇಕಾದ ಸಾಲುಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳುವುದು, ನಿಲ್ದಾಣದ ಗದ್ದಲದಲ್ಲಿ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನು ಮನೆಯ ನೆಮ್ಮದಿಯಲ್ಲಿಯೇ ಮುಗಿಸಿಕೊಳ್ಳುವುದು, ಇವೆರಡು ಮಾತ್ರ ನಮ್ಮ ಕೈಯಲ್ಲಿವೆ. ಮುಂದೆ ಹೇಳುವುದೆಲ್ಲವೂ ಇವೆರಡರ ವಿವರಣೆಯೇ.

ಟಿಕೆಟ್ ಕೊಳ್ಳುವಾಗಲೇ ಶುರು

ಆತಂಕದ ಅರ್ಧಪಾಲು ಟಿಕೆಟ್ ಕೊಳ್ಳುವಾಗಲೇ ನಿಶ್ಚಯವಾಗಿಬಿಡುತ್ತದೆ. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಊರುಗಳ ನಡುವೆ ಹಾರಾಡುತ್ತದೆ. ಬೆಳಿಗ್ಗೆ ಎಲ್ಲೋ ಆದ ಅರ್ಧ ಗಂಟೆಯ ವಿಳಂಬ ಮಧ್ಯಾಹ್ನದ ಹೊತ್ತಿಗೆ ಒಂದು ಗಂಟೆಯಾಗಿ, ಸಂಜೆಗೆ ಸಿಬ್ಬಂದಿಯ ಕರ್ತವ್ಯದ ಅವಧಿಯೇ ಮುಗಿದುಹೋಗಿ, ಕೊನೆಯ ಹಾರಾಟ ರದ್ದಾಗುವವರೆಗೂ ಬೆಳೆಯಬಹುದು. ದಿನದ ಮೊದಲ ಹಾರಾಟದ ವಿಮಾನವಾದರೋ ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ. ಅದು ಅಕಸ್ಮಾತ್ ರದ್ದಾದರೂ ಅದೇ ದಿನ ಹೊರಡುವ ಬೇರೆ ವಿಮಾನಗಳು ಉಳಿದಿರುತ್ತವೆ. ನಿದ್ದೆಗೆಟ್ಟು ಹೊರಡಬೇಕಾದರೂ ರಜೆಯ ದಿನಗಳಲ್ಲಿ ಬೆಳಗಿನ ವಿಮಾನವೇ ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನೇರ ವಿಮಾನ ಸಿಗುವಂತಿದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ವ್ಯರ್ಥವಲ್ಲ. ನಡುವೆ ವಿಮಾನ ಬದಲಿಸಲೇಬೇಕಾದರೆ ಎರಡೂ ಹಾರಾಟಗಳು ಒಂದೇ ಟಿಕೆಟಿನಲ್ಲಿರುವಂತೆ ನೋಡಿಕೊಳ್ಳಬೇಕು. ಒಂದೇ ಟಿಕೆಟಿನಲ್ಲಿದ್ದು ಮೊದಲ ವಿಮಾನ ತಡವಾದುದರಿಂದ ಎರಡನೆಯದು ತಪ್ಪಿದರೆ, ಮುಂದಿನ ದಾರಿಯನ್ನು ಹುಡುಕಿಕೊಡುವ ಹೊಣೆ ವಿಮಾನಸಂಸ್ಥೆಯದು. ಅಗ್ಗವೆಂದು ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟುಗಳಾದರೆ, ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಸುಮ್ಮನೆ ಬಾರದೆ ಉಳಿದ ಪ್ರಯಾಣಿಕರಷ್ಟೇ. ಲಗೇಜನ್ನೂ ನಡುವಿನ ನಿಲ್ದಾಣದಲ್ಲಿ ನೀವೇ ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಒಂದೇ ಟಿಕೆಟಿನಲ್ಲಿಯೂ ಎರಡು ಹಾರಾಟಗಳ ನಡುವೆ ಇರುವ ಬಿಡುವು ಆ ನಿಲ್ದಾಣ ಗೊತ್ತುಪಡಿಸಿದ ಕನಿಷ್ಠ ಅವಧಿಯಷ್ಟೇ ಇರಬಹುದು. ಅದು ಎಲ್ಲವೂ ಸರಿಯಾಗಿ ನಡೆಯುವ ದಿನಗಳ ಲೆಕ್ಕ; ರಜೆಯಲ್ಲಿ ಅದರ ಎರಡರಷ್ಟನ್ನಾದರೂ ಇಟ್ಟುಕೊಳ್ಳುವುದು ಕ್ಷೇಮ. ಹೊರದೇಶದಿಂದ ಅಮೆರಿಕಕ್ಕೆ ಬಂದಿಳಿದು ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವವರು, ಟಿಕೆಟ್ ಒಂದೇ ಆಗಿದ್ದರೂ, ಮೊದಲು ಇಳಿದ ನಿಲ್ದಾಣದಲ್ಲಿಯೇ ಸಾಮಾನ್ಯವಾಗಿ ಲಗೇಜನ್ನು ಪಡೆದು ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕಾಗುತ್ತದೆ ಎಂಬುದನ್ನೂ ಈ ಬಿಡುವಿನಲ್ಲಿ ಸೇರಿಸಿಕೊಳ್ಳಬೇಕು.

ಟಿಕೆಟ್ ಕೈಗೆ ಬಂದ ಕೂಡಲೇ ಮೂರು ಸಂಗತಿಗಳನ್ನು ಓದಿ ನೋಡಬೇಕು. ಪ್ರಯಾಣಿಕರ ಹೆಸರು ಪಾಸ್‌ಪೋರ್ಟಿನಲ್ಲಿ ಅಥವಾ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇದೆಯೇ ಎಂಬುದು ಮೊದಲನೆಯದು. ಅಕ್ಷರದೋಷವನ್ನು ಅಂದೇ ತಿಳಿಸಿದರೆ ಸುಲಭವಾಗಿ ತಿದ್ದುತ್ತಾರೆ, ಹೊರಡುವ ದಿನ ಕೌಂಟರಿನಲ್ಲಿ ತಿದ್ದಿಸಲು ಹೊರಟರೆ ಯುದ್ಧಕಾಲದ ಶಸ್ತ್ರಾಭ್ಯಾಸವಾಗುತ್ತದೆ. ಎರಡನೆಯದು ನಿಲ್ದಾಣದ ಹೆಸರು. ದೊಡ್ಡ ನಗರಗಳಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿರುತ್ತವೆ. ಟೋಕಿಯೋದ ಹನೇಡಾ ನಗರಕ್ಕೆ ಹತ್ತಿರವಿದ್ದರೆ ನರಿಟಾ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಒಂದರ ಬದಲು ಇನ್ನೊಂದಕ್ಕೆ ಹೋದವರ ವಿಮಾನ ತಪ್ಪಿತೆಂದೇ ಲೆಕ್ಕ. ಮೂರನೆಯದು ಮಧ್ಯರಾತ್ರಿಯ ಲೆಕ್ಕ. ಟಿಕೆಟಿನಲ್ಲಿ 25ನೇ ತಾರೀಖು 00.30 ಎಂದು ಇದ್ದರೆ ನಿಲ್ದಾಣ ತಲುಪಬೇಕಾದುದು 24ರ ರಾತ್ರಿ. ಇದನ್ನು ಸರಿಯಾಗಿ ಓದದೆ ನಾನೇ ಒಮ್ಮೆ, ಬಹಳ ಬೇಗ ಬಂದೆನೆಂಬ ಸಮಾಧಾನದಲ್ಲಿ, ಸರಿಯಾಗಿ ಒಂದು ದಿನ ತಡವಾಗಿ ಕೌಂಟರಿನ ಮುಂದೆ ನಿಂತಿದ್ದೆ.

ಹೊರದೇಶಕ್ಕೆ ಹೋಗುವವರು ಪಾಸ್‌ಪೋರ್ಟಿನ ಅವಧಿಯನ್ನು ಎರಡು ತಿಂಗಳ ಮೊದಲೇ ನೋಡಿಕೊಳ್ಳಬೇಕು. ಹಲವು ದೇಶಗಳು ಪ್ರವೇಶದ ದಿನದಿಂದ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಅವಧಿ ಮುಗಿಯಲು ನಾಲ್ಕು ತಿಂಗಳಿದ್ದರೂ ವಿಮಾನ ಹತ್ತಲು ಬಿಡದಿರಬಹುದು, ಏಕೆಂದರೆ ಸರಿಯಾದ ದಾಖಲೆಗಳಿಲ್ಲದವರನ್ನು ಕರೆದೊಯ್ದರೆ ದಂಡ ತೆರಬೇಕಾದುದೂ ಅವರನ್ನು ಹಿಂದಕ್ಕೆ ಕರೆತರಬೇಕಾದುದೂ ವಿಮಾನಸಂಸ್ಥೆಯೇ. ಕೇವಲ ವಿಮಾನ ಬದಲಿಸುವ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕಾಗಬಹುದೆಂಬುದು ಅನೇಕರಿಗೆ ಕೌಂಟರಿನಲ್ಲಿಯೇ ಮೊದಲ ಬಾರಿಗೆ ತಿಳಿಯುತ್ತದೆ.

ಲಗೇಜು ಕಟ್ಟುವುದು

ಸಾಲುಗಳನ್ನು ಕಡಿಮೆ ಮಾಡುವ ಅತ್ಯಂತ ನೇರವಾದ ಉಪಾಯವೆಂದರೆ ಕ್ಯಾಬಿನ್ ಬ್ಯಾಗಿನಲ್ಲಿಯೇ ಪ್ರಯಾಣವನ್ನು ಮುಗಿಸುವುದು. ಲಗೇಜು ಒಪ್ಪಿಸುವ ಸಾಲೂ ಇಲ್ಲ, ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯುವ ಕೆಲಸವೂ ಇಲ್ಲ. ವಿಮಾನ ರದ್ದಾದರೆ ಇನ್ನೊಂದಕ್ಕೆ ಬದಲಾಗುವುದೂ ಸುಲಭ. ಆದರೆ ಇದನ್ನು ವೇದವಾಕ್ಯವೆಂದು ನಾನು ಹೇಳಲಾರೆ. ರಜೆಯ ವಿಮಾನಗಳು ಭರ್ತಿಯಾಗಿರುವುದರಿಂದ ಆಸನದ ಮೇಲಿನ ಜಾಗ ಬೇಗ ತುಂಬಿ, ಕೊನೆಗೆ ಹತ್ತುವವರ ಬ್ಯಾಗುಗಳನ್ನು ಗೇಟಿನಲ್ಲಿಯೇ ತೆಗೆದುಕೊಂಡು ಕೆಳಗಿನ ಲಗೇಜು ಕೋಣೆಗೆ ಹಾಕುತ್ತಾರೆ. ಚಿಕ್ಕ ಮಕ್ಕಳಿರುವ ಕುಟುಂಬದವರಿಗೆ ದೊಡ್ಡ ಸೂಟ್‌ಕೇಸನ್ನು ಮೊದಲೇ ಒಪ್ಪಿಸಿ ಕೈ ಹಗುರ ಮಾಡಿಕೊಳ್ಳುವುದೇ ನೆಮ್ಮದಿ. ಹೇಗೆ ಮಾಡಿದರೂ ಔಷಧಿ, ಕನ್ನಡಕ, ದಾಖಲೆಗಳು, ಆಭರಣ, ಬೀಗದ ಕೈಗಳು ಮತ್ತು ಒಂದು ಜೊತೆ ಬಟ್ಟೆ ಸದಾ ಜೊತೆಯಲ್ಲಿಯೇ ಇರುವ ಚಿಕ್ಕ ಚೀಲದಲ್ಲಿರಬೇಕು. ಗೇಟಿನಲ್ಲಿ ಕ್ಯಾಬಿನ್ ಬ್ಯಾಗನ್ನು ಕೇಳಿದರೂ ಈ ಚೀಲವನ್ನು ಕೊಡುವಂತಿರಬಾರದು.

ಕ್ಯಾಬಿನ್ ಬ್ಯಾಗಿನ ಅಳತೆ ಮತ್ತು ತೂಕ ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ಅಲ್ಲ. ಟಿಕೆಟಿನ ದರ್ಜೆಗೆ ತಕ್ಕಂತೆ ಒಂದೇ ಸಂಸ್ಥೆಯಲ್ಲಿಯೂ ಬೇರೆಯಾಗಿರುವುದುಂಟು. ಮನೆಯಲ್ಲಿಯೇ ತೂಕದ ಕೊಕ್ಕೆಯಿಂದ ತೂಗಿ, ಮಿತಿಗಿಂತ ಒಂದು ಕಿಲೋ ಕಡಿಮೆ ಇಟ್ಟುಕೊಂಡರೆ, ಕೌಂಟರಿನ ಮುಂದೆ ನೂರಾರು ಜನರ ಕಣ್ಣೆದುರು ಸೂಟ್‌ಕೇಸು ತೆರೆದು ಒಳಬಟ್ಟೆಗಳನ್ನು ಒಂದರಿಂದ ಇನ್ನೊಂದಕ್ಕೆ ತುಂಬುವ ಸಂಕಟ ತಪ್ಪುತ್ತದೆ.

ದ್ರವ ಪದಾರ್ಥಗಳ ನಿಯಮ ಎಲ್ಲಿಂದ ಬಂತೆಂದು ತಿಳಿದಿದ್ದರೆ ಅದನ್ನು ನೆನಪಿಡುವುದು ಸುಲಭ. 2006ರ ಆಗಸ್ಟಿನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕವನ್ನು ತುಂಬಿ ವಿಮಾನಗಳಿಗೆ ಒಯ್ಯುವ ಸಂಚೊಂದು ಬ್ರಿಟನ್ನಿನಲ್ಲಿ ಬಯಲಾಯಿತು. ಅದರ ಬೆನ್ನಿಗೇ, ಕ್ಯಾಬಿನ್ನಿಗೆ ಒಯ್ಯುವ ದ್ರವ, ಪೇಸ್ಟು, ಜೆಲ್ಲುಗಳು 100 ಮಿಲಿಲೀಟರಿನ ಡಬ್ಬಿಗಳಲ್ಲಿದ್ದು, ಅವೆಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕೆಂಬ ನಿಯಮ ಜಗತ್ತಿನ ಬಹುಪಾಲು ನಿಲ್ದಾಣಗಳಿಗೆ ಬಂತು. ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ: ಲೆಕ್ಕಕ್ಕೆ ಬರುವುದು ಡಬ್ಬಿಯ ಅಳತೆಯೇ ಹೊರತು ಒಳಗಿರುವ ಪದಾರ್ಥದ ಪ್ರಮಾಣವಲ್ಲ. ಮುಕ್ಕಾಲು ಖಾಲಿಯಾದ 200 ಮಿಲಿಲೀಟರಿನ ಟ್ಯೂಬು ಕಸದ ಬುಟ್ಟಿಗೇ ಹೋಗುತ್ತದೆ. ಜೇನುತುಪ್ಪ, ಉಪ್ಪಿನಕಾಯಿ, ಜಾಮು, ಗಟ್ಟಿ ಸಾಸು ಮುಂತಾದವೂ ದ್ರವವೆಂದೇ ಪರಿಗಣಿತವಾಗುವುದರಿಂದ ಉಡುಗೊರೆಯಾಗಿ ಒಯ್ಯುವ ತಿನಿಸುಗಳನ್ನು ಒಪ್ಪಿಸುವ ಲಗೇಜಿನಲ್ಲಿಡುವುದು ಒಳ್ಳೆಯದು. ಪ್ರಯಾಣಕ್ಕೆ ಬೇಕಾದ ಔಷಧಿಗೂ ಶಿಶುವಿನ ಆಹಾರಕ್ಕೂ ಸಾಮಾನ್ಯವಾಗಿ ವಿನಾಯಿತಿ ಇದೆ. ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು. ಮೂರು ಆಯಾಮದ ಚಿತ್ರ ನೀಡುವ ಹೊಸ ಸ್ಕ್ಯಾನರುಗಳು ಬಂದಿರುವ ಕೆಲವು ನಿಲ್ದಾಣಗಳು ಈ ಮಿತಿಯನ್ನು ಸಡಿಲಿಸಿವೆ. ಆದರೆ ಹೋಗುವ ನಿಲ್ದಾಣದಲ್ಲಿ ಸಡಿಲವಾಗಿದ್ದ ಮಾತ್ರಕ್ಕೆ ಮರಳುವ ನಿಲ್ದಾಣದಲ್ಲಿಯೂ ಹಾಗೆಯೇ ಇರಬೇಕೆಂದಿಲ್ಲವಾದ್ದರಿಂದ, ಹಳೆಯ ನಿಯಮದಂತೆ ಕಟ್ಟಿಕೊಂಡವರಿಗೆ ಎಲ್ಲಿಯೂ ನಷ್ಟವಿಲ್ಲ.

ಪವರ್ ಬ್ಯಾಂಕಿನ ನಿಯಮ ಇದಕ್ಕೆ ತಿರುಗುಮುರುಗು: ಅದು ಕ್ಯಾಬಿನ್ ಬ್ಯಾಗಿನಲ್ಲಿಯೇ ಇರಬೇಕು, ಒಪ್ಪಿಸುವ ಸೂಟ್‌ಕೇಸಿನಲ್ಲಿ ಇರಲೇಬಾರದು. ಲಿಥಿಯಂ ಬ್ಯಾಟರಿಯೊಂದು ಹಾಳಾಗಿ ಕಾದು ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿಯ ಕಣ್ಣಿಗೆ ಬೀಳುತ್ತದೆ, ನೀರು ಸುರಿದು ತಣಿಸಬಹುದು. ಕೆಳಗಿನ ಲಗೇಜು ಕೋಣೆಯಲ್ಲಾದರೆ ಯಾರ ಕೈಗೂ ಎಟುಕುವುದಿಲ್ಲ. ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಕಂಡುಬಂದರೆ ಅದನ್ನು ತಡೆದು ತೆರೆಯುವುದರಿಂದ, ನೀವು ಗೇಟಿನ ಬಳಿ ನೆಮ್ಮದಿಯಾಗಿ ಕುಳಿತಿರುವಾಗ ನಿಮ್ಮ ಹೆಸರನ್ನು ಕೂಗುವ ಸಂದರ್ಭವೂ ಬರಬಹುದು. ಅದು ಹಿಡಿದಿಡುವ ವಿದ್ಯುತ್ತಿನ ಮಿತಿ 100 ವಾಟ್-ಅವರ್. 100ರಿಂದ 160ರವರೆಗಿನವಕ್ಕೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು, ಅದನ್ನು ಮೀರಿದವನ್ನು ಒಯ್ಯುವಂತಿಲ್ಲ. ಅದರ ಮೇಲೆ ಬರೆದಿರುವ ಮಿಲಿಆಂಪ್-ಅವರ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವಾಟ್-ಅವರ್ ಸಿಗುತ್ತದೆ. ಅಂದರೆ 20,000 ಎಂದು ಬರೆದಿರುವುದು 74 ವಾಟ್-ಅವರ್ ಆಗುತ್ತದೆ. 27,000 ಎಂಬುದು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಸಂಖ್ಯೆ ಅಳಿಸಿಹೋಗಿರುವ ಹಳೆಯದನ್ನು ಕೆಲವೆಡೆ ಬಿಡುವುದಿಲ್ಲ. 2025ರಿಂದೀಚೆಗೆ ಹಲವು ಸಂಸ್ಥೆಗಳು ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿರುವುದರಿಂದ ಫೋನನ್ನು ಮನೆಯಲ್ಲಿಯೇ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಡಬೇಕು.

ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುವ ಕೆಲಸವನ್ನು ತಲುಪಿದ ಮೇಲೆ ಮಾಡಿಕೊಳ್ಳಿ. ತಪಾಸಣೆಯವರಿಗೆ ಸಂಶಯ ಬಂದರೆ ಅದನ್ನು ಬಿಚ್ಚಲೇಬೇಕಾಗುತ್ತದೆ. ಸೂಟ್‌ಕೇಸಿನ ಮೇಲಿರುವ ಹಿಂದಿನ ಪ್ರಯಾಣಗಳ ಟ್ಯಾಗುಗಳನ್ನೂ ಚಿಕ್ಕ ಬಾರ್‌ಕೋಡ್ ಚೀಟಿಗಳನ್ನೂ ಕಿತ್ತುಹಾಕಬೇಕು, ಏಕೆಂದರೆ ಲಗೇಜನ್ನು ವಿಂಗಡಿಸುವ ಯಂತ್ರ ಹಳೆಯ ಬಾರ್‌ಕೋಡನ್ನು ಓದಿದರೆ ಗೊಂದಲವಾಗುತ್ತದೆ. ಹೊರಗಿನ ಹೆಸರಿನ ಚೀಟಿ ಹರಿದುಹೋಗುವುದು ಅಪರೂಪವಲ್ಲ; ಹಾಗಾಗಿ ಹೆಸರು, ಫೋನ್ ಸಂಖ್ಯೆ ಮತ್ತು ತಲುಪುವ ಊರಿನ ವಿಳಾಸ ಬರೆದ ಹಾಳೆಯೊಂದನ್ನು ಒಳಗೆ, ಬಟ್ಟೆಗಳ ಮೇಲೆಯೇ ಇಡಬೇಕು. ಮುಚ್ಚುವ ಮೊದಲು ಒಳಗಿನ ವಸ್ತುಗಳ ಒಂದು ಫೋಟೋ, ಮುಚ್ಚಿದ ಮೇಲೆ ಹೊರಗಿನ ಒಂದು ಫೋಟೋ ತೆಗೆದುಕೊಂಡರೆ, ಸೂಟ್‌ಕೇಸು ಕಳೆದಾಗ "ಕಪ್ಪು ಬಣ್ಣದ್ದು, ನಾಲ್ಕು ಚಕ್ರಗಳದ್ದು" ಎಂದು ಹೇಳಿ ನಿಲ್ಲಬೇಕಾಗುವುದಿಲ್ಲ. ಬೆಲ್ಟಿನ ಮೇಲೆ ಬರುವವುಗಳಲ್ಲಿ ಅರ್ಧದಷ್ಟು ಹಾಗೆಯೇ ಇರುತ್ತವೆ.

ಎಷ್ಟು ಹೊತ್ತಿಗೆ ತಲುಪಬೇಕು

ಹೆಚ್ಚಿನ ಸಂಸ್ಥೆಗಳಲ್ಲಿ ಆನ್‌ಲೈನ್ ಚೆಕ್-ಇನ್ ಹಾರಾಟಕ್ಕೆ 24ರಿಂದ 48 ಗಂಟೆಗಳ ಮೊದಲು ತೆರೆಯುತ್ತದೆ. ತೆರೆದ ಕೂಡಲೇ ಮುಗಿಸಿಕೊಂಡರೆ ಒಂದು ಸಾಲು ಕಡಿಮೆಯಾಗುತ್ತದೆ. ಕುಟುಂಬದವರಿಗೆ ಒಟ್ಟಿಗೆ ಆಸನ ಸಿಗುವ ಸಂಭವವೂ ಹೆಚ್ಚು. ಭರ್ತಿಯಾದ ವಿಮಾನಗಳಲ್ಲಿ ಇನ್ನೂ ಒಂದು ಕಾರಣವಿದೆ: ಕೆಲವರು ಬಾರದೆ ಉಳಿಯುತ್ತಾರೆಂಬ ಲೆಕ್ಕದಲ್ಲಿ ಅನೇಕ ಸಂಸ್ಥೆಗಳು ಆಸನಗಳಿಗಿಂತ ಹೆಚ್ಚು ಟಿಕೆಟುಗಳನ್ನು ಮಾರುತ್ತವೆ, ಎಲ್ಲರೂ ಬಂದಾಗ ಕೊನೆಗೆ ಚೆಕ್-ಇನ್ ಮಾಡಿದವರೇ ಹೊರಗುಳಿಯುವ ಅಪಾಯ ಹೆಚ್ಚು. ಬೋರ್ಡಿಂಗ್ ಪಾಸನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ನಿಲ್ದಾಣದ ವೈಫೈ ಎಲ್ಲರಿಗೂ ಬೇಕಾದಾಗಲೇ ಕೈಕೊಡುತ್ತದೆ. ಸಂಭ್ರಮಕ್ಕಾಗಿ ಅದರ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಂಚಿಕೊಳ್ಳುವುದು ಮಾತ್ರ ಬೇಡ. ಅದರ ಬಾರ್‌ಕೋಡಿನಲ್ಲಿ ನಿಮ್ಮ ಹೆಸರೂ ಆರು ಅಕ್ಷರ-ಅಂಕಿಗಳ ಬುಕಿಂಗ್ ಸಂಖ್ಯೆಯೂ ಇರುತ್ತವೆ, ಅವೆರಡು ಸಿಕ್ಕರೆ ಬೇರೆಯವರು ನಿಮ್ಮ ಬುಕಿಂಗನ್ನು ತೆರೆದು ನೋಡಬಹುದು.

ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ಕ್ರಮ. ಗೇಟು ಸಾಮಾನ್ಯವಾಗಿ 15ರಿಂದ 25 ನಿಮಿಷಗಳ ಮೊದಲೇ ಮುಚ್ಚುತ್ತದೆ. ಲಗೇಜು ಒಪ್ಪಿಸುವ ಕೌಂಟರು ದೇಶದೊಳಗಿನ ಹಾರಾಟಕ್ಕೆ ಸುಮಾರು 45 ನಿಮಿಷ, ಹೊರದೇಶದ್ದಕ್ಕೆ ಸುಮಾರು ಒಂದು ಗಂಟೆ ಮೊದಲು ಮುಚ್ಚುತ್ತದೆ. ನಿಖರವಾದ ಅಂಕಿ ಟಿಕೆಟಿನ ಷರತ್ತುಗಳಲ್ಲಿಯೇ ಇರುತ್ತದೆ. ಇದಕ್ಕೆ ತಪಾಸಣೆಯ ಸಾಲು, ಇಮಿಗ್ರೇಷನ್ ಸಾಲು, ಟರ್ಮಿನಲ್ಲಿನೊಳಗಿನ ನಡಿಗೆ, ಮನೆಯಿಂದ ನಿಲ್ದಾಣದವರೆಗಿನ ದಾರಿ, ಇಷ್ಟನ್ನೂ ಕೂಡಿಸಬೇಕು. ಸಾಮಾನ್ಯ ದಿನಗಳಲ್ಲಿ ಹೇಳುವ ಎರಡು ಅಥವಾ ಮೂರು ಗಂಟೆಗಳಿಗೆ ರಜೆಯಲ್ಲಿ ಇನ್ನೊಂದು ಗಂಟೆ ಸೇರಿಸಿದರೆ ಸಾಕು ಎಂಬುದು ನನ್ನ ಅಂದಾಜು. ಅದಕ್ಕಿಂತಲೂ ಬಹಳ ಬೇಗ ಹೋಗುವುದರಿಂದ ಲಾಭವಿಲ್ಲ. ಅನೇಕ ಸಂಸ್ಥೆಗಳ ಲಗೇಜು ಕೌಂಟರುಗಳು ಮೂರು-ನಾಲ್ಕು ಗಂಟೆಗಳಿಗೆ ಮುಂಚೆ ತೆರೆಯುವುದೇ ಇಲ್ಲ; ಆತಂಕದಿಂದ ಆರು ಗಂಟೆ ಮೊದಲೇ ಬಂದವರಿಂದಲೇ ಹೊರಾಂಗಣ ಕಿಕ್ಕಿರಿದು, ನಿಜಕ್ಕೂ ಹೊರಡಬೇಕಾದವರಿಗೆ ದಾರಿ ಸಿಗದಂತಾಗುತ್ತದೆ. 2022ರ ಬೇಸಿಗೆಯಲ್ಲಿ, ಸಾಂಕ್ರಾಮಿಕದ ನಂತರ ಜನ ಒಮ್ಮೆಲೇ ಹೊರಟಾಗ, ಸಿಬ್ಬಂದಿ ಸಾಲದೆ ಲಂಡನ್ನಿನ ಹೀಥ್ರೂ ನಿಲ್ದಾಣ ದಿನಕ್ಕೆ 1,00,000 ನಿರ್ಗಮನ ಪ್ರಯಾಣಿಕರೆಂಬ ಮಿತಿಯನ್ನೇ ಹೇರಬೇಕಾಯಿತು. ಎಷ್ಟು ದೊಡ್ಡ ನಿಲ್ದಾಣವಾದರೂ ಅದರ ಹೊಟ್ಟೆಗೊಂದು ಅಳತೆ ಇದ್ದೇ ಇದೆ.

ಕಾರಿನಲ್ಲಿ ಹೋಗುವವರು ಪಾರ್ಕಿಂಗ್ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ರೈಲು ಅಥವಾ ಮೆಟ್ರೋ ಇದ್ದರೆ ರಸ್ತೆಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ.

ತಪಾಸಣೆಯ ಸಾಲಿನಲ್ಲಿ

ಸಾಲಿನಲ್ಲಿ ನಿಂತಿರುವ ಹೊತ್ತೇ ಸಿದ್ಧತೆಯ ಹೊತ್ತು. ಟ್ರೇ ಕೈಗೆ ಬಂದ ಮೇಲೆ ಬೆಲ್ಟು ಬಿಚ್ಚಲು, ಜೇಬಿನ ಚಿಲ್ಲರೆ ಹುಡುಕಲು ಆರಂಭಿಸುವವರು ತಾವೂ ಬೆವರುತ್ತಾರೆ, ಹಿಂದಿನವರ ಮುಖವನ್ನೂ ನೋಡಬೇಕಾಗುತ್ತದೆ. ಗಡಿಯಾರ, ಬೀಗದ ಕೈ, ನಾಣ್ಯಗಳು, ಬೆಲ್ಟು ಎಲ್ಲವನ್ನೂ ಸಾಲಿನಲ್ಲಿರುವಾಗಲೇ ಜಾಕೆಟಿನ ಜೇಬಿಗೋ ಬ್ಯಾಗಿನ ಒಂದು ಜಿಪ್ಪಿನೊಳಗೋ ಹಾಕಿಬಿಟ್ಟರೆ ಆಚೆ ಬದಿಯಲ್ಲಿ ಏನನ್ನಾದರೂ ಮರೆತು ಬರುವ ಸಂಭವವೂ ಇರುವುದಿಲ್ಲ. ಲ್ಯಾಪ್‌ಟಾಪು ಮತ್ತು ದ್ರವಗಳ ಚೀಲ ಬ್ಯಾಗಿನ ಮೇಲ್ಭಾಗದಲ್ಲಿರಲಿ. ಅವುಗಳನ್ನು ಹೊರಗೆ ತೆಗೆಯಬೇಕೋ ಬೇಡವೋ ಎಂಬುದು ಅಲ್ಲಿರುವ ಯಂತ್ರವನ್ನು ಅವಲಂಬಿಸಿದೆ. ಸಿಬ್ಬಂದಿ ಹೇಳಿದಂತೆ ಮಾಡುವುದೇ ಬೇಗ ಮುಗಿಯುವ ದಾರಿ, "ಹೋದ ಸಲ ಹೀಗಿರಲಿಲ್ಲ" ಎಂಬ ವಾದದಿಂದ ಯಾರ ಬ್ಯಾಗೂ ಬೇಗ ಹೊರಬಂದಿಲ್ಲ. ಖಾಲಿ ನೀರಿನ ಬಾಟಲಿಯನ್ನು ಒಯ್ದು ತಪಾಸಣೆಯ ನಂತರ ತುಂಬಿಕೊಳ್ಳಬಹುದು.

ಟ್ರೇಗಳನ್ನು ತೆಗೆದುಕೊಂಡ ಮೇಲೆ ಅಲ್ಲಿಯೇ ನಿಂತು ಬೆಲ್ಟು ಕಟ್ಟದೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಎಣಿಸಿಕೊಳ್ಳಬೇಕು. ಗುಂಪಿನಲ್ಲಿ ಹೋಗುವವರಿಗೆ ಒಂದು ಸರಳ ಪದ್ಧತಿಯನ್ನು ಹೇಳುತ್ತೇನೆ: ಮನೆ ಬಿಡುವಾಗ ಚೀಲಗಳನ್ನೆಲ್ಲ ಎಣಿಸಿ ಒಂದು ಸಂಖ್ಯೆಯನ್ನು ಎಲ್ಲರಿಗೂ ಹೇಳಿಬಿಡಿ. "ಏಳು" ಎಂದರೆ ಏಳು. ಕಾರಿನಿಂದ ಇಳಿದಾಗ, ಕೌಂಟರು ಬಿಟ್ಟಾಗ, ತಪಾಸಣೆ ಮುಗಿದಾಗ, ಗೇಟಿನಿಂದ ಎದ್ದಾಗ ಒಬ್ಬರು ಗಟ್ಟಿಯಾಗಿ ಎಣಿಸಬೇಕು. ದಾಖಲೆಗಳ ಹೊಣೆ ಇನ್ನೊಬ್ಬರದು. ಅವು ಪ್ರತಿಸಲವೂ ಅದೇ ಚೀಲದ ಅದೇ ಜಿಪ್ಪಿಗೆ ಮರಳಬೇಕು. "ಪಾಸ್‌ಪೋರ್ಟ್ ನಿನ್ನ ಹತ್ತಿರ ಇತ್ತಲ್ಲ" ಎಂಬ ಮಾತಿನಿಂದ ಶುರುವಾಗುವ ಜಗಳಗಳನ್ನು ನಾನು ಬೇರೆಯವರಲ್ಲಿ ಮಾತ್ರ ಕಂಡಿದ್ದೇನೆಂದು ಹೇಳಿದರೆ ಸುಳ್ಳಾದೀತು.

ಮಕ್ಕಳು ಮತ್ತು ಹಿರಿಯರು ಜೊತೆಗಿದ್ದಾಗ

ಜನಜಂಗುಳಿಯಲ್ಲಿ ಮಗು ಕೈತಪ್ಪಿದರೆ ಮೊದಲು ಬೇಕಾಗುವುದು ಅಂದಿನ ಉಡುಪಿನಲ್ಲಿರುವ ಫೋಟೋ. ನಿಲ್ದಾಣದೊಳಗೆ ಕಾಲಿಡುವ ಮುನ್ನವೇ ಅದನ್ನು ತೆಗೆದುಕೊಳ್ಳಬೇಕು. ಗಾಢವಾದ ಒಂದೇ ಬಣ್ಣದ ಅಂಗಿ ದೂರದಿಂದಲೇ ಕಾಣುತ್ತದೆ. ಫೋನ್ ಸಂಖ್ಯೆಯನ್ನು ಕೈಗೆ ಕಟ್ಟಿದ ಪಟ್ಟಿಯ ಮೇಲೋ ಜೇಬಿನ ಚೀಟಿಯ ಮೇಲೋ ಬರೆದಿಡಿ. ತಪ್ಪಿಸಿಕೊಂಡರೆ ಹುಡುಕುತ್ತ ಓಡಾಡದೆ ನಿಂತ ಜಾಗದಲ್ಲಿಯೇ ನಿಂತು ಸಮವಸ್ತ್ರದಲ್ಲಿರುವವರನ್ನು ಕರೆಯಬೇಕೆಂದು ಮಗುವಿಗೆ ಹಿಂದಿನ ದಿನವೇ ಹೇಳಿಕೊಟ್ಟಿರಬೇಕು. ಹಸಿವು ಮತ್ತು ನಿದ್ದೆಯೇ ಮಕ್ಕಳ ರಂಪಾಟದ ಮೂಲವಾದ್ದರಿಂದ, ಸಾಲಿಗೆ ನಿಲ್ಲುವ ಮೊದಲೇ ಏನಾದರೂ ತಿನ್ನಿಸಿಬಿಟ್ಟರೆ ಅರ್ಧ ಗೆದ್ದಂತೆ.

ನಡೆಯಲು ಕಷ್ಟಪಡುವ ಹಿರಿಯರಿಗೆ ವ್ಹೀಲ್‌ಚೇರ್ ನೆರವನ್ನು ಕನಿಷ್ಠ 48 ಗಂಟೆಗಳ ಮೊದಲೇ ವಿಮಾನಸಂಸ್ಥೆಗೆ ತಿಳಿಸಿ ಟಿಕೆಟಿನಲ್ಲಿ ನಮೂದಾಗುವಂತೆ ಮಾಡಬೇಕು. ಅನೇಕ ಹಿರಿಯರು ಸಂಕೋಚದಿಂದ ಬೇಡವೆನ್ನುತ್ತಾರೆ. ಆದರೆ ದೊಡ್ಡ ಟರ್ಮಿನಲ್ಲುಗಳಲ್ಲಿ ತಪಾಸಣೆಯಿಂದ ಗೇಟಿನವರೆಗೆ ಒಂದು ಕಿಲೋಮೀಟರಿನಷ್ಟು ನಡೆಯಬೇಕಾಗಬಹುದೆಂದು ಮೊದಲೇ ತಿಳಿಸಿದರೆ ಒಪ್ಪಿಕೊಳ್ಳುತ್ತಾರೆ.

ಗೇಟಿನ ಬಳಿ ಹೆಚ್ಚು ಹೇಳುವಂಥದ್ದಿಲ್ಲ. ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾದ ಗೇಟಿನ ಸಂಖ್ಯೆ ಬದಲಾಗಬಹುದು, ಸದ್ದು ಕಡಿಮೆ ಮಾಡಲು ಹಲವು ನಿಲ್ದಾಣಗಳು ಧ್ವನಿವರ್ಧಕದ ಪ್ರಕಟಣೆಗಳನ್ನೇ ಬಹುಮಟ್ಟಿಗೆ ಕೈಬಿಟ್ಟಿವೆ. ಆದ್ದರಿಂದ ಕಿವಿಗಿಂತ ಕಣ್ಣನ್ನು ನಂಬಿ, ಅರ್ಧ ಗಂಟೆಗೊಮ್ಮೆ ಪರದೆಯನ್ನು ನೋಡುತ್ತಿರಬೇಕು. ಮೊದಲು ಗೇಟನ್ನು ಕಣ್ಣಾರೆ ಕಂಡು, ಆಮೇಲೆ ಅಂಗಡಿಗಳತ್ತ ಹೊರಡಿ.

ವಿಮಾನ ತಡವಾದರೆ, ರದ್ದಾದರೆ

ವಿಮಾನ ರದ್ದಾಯಿತೆಂದು ಪರದೆಯ ಮೇಲೆ ಬಂದ ಕೂಡಲೇ ಇನ್ನೂರು ಜನ ಒಂದೇ ಕೌಂಟರಿಗೆ ನುಗ್ಗುತ್ತಾರೆ. ಮುಂದಿನ ವಿಮಾನಗಳಲ್ಲಿ ಉಳಿದಿರುವ ಬೆರಳೆಣಿಕೆಯ ಆಸನಗಳು ಮೊದಲು ಕೇಳಿದವರಿಗೆ ಸಿಗುತ್ತವೆ. ಹಾಗಾಗಿ ಸಾಲಿನಲ್ಲಿ ನಿಲ್ಲುತ್ತಲೇ ಸಂಸ್ಥೆಯ ಆ್ಯಪ್ ತೆರೆಯಬೇಕು, ಜೊತೆಯಲ್ಲಿರುವವರು ಸಹಾಯವಾಣಿಗೆ ಫೋನು ಹಚ್ಚಬೇಕು. ಮೂರರಲ್ಲಿ ಯಾವುದು ಮೊದಲು ಫಲಿಸಿದರೂ ಸರಿ. ಅದೇ ದಿನ ಹೊರಡುವ ಬೇರೆ ವಿಮಾನಗಳ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡವರು "ಏನಾದರೂ ಮಾಡಿಕೊಡಿ" ಎಂದು ಕೇಳುವ ಬದಲು "ಸಂಜೆ ಆರರ ವಿಮಾನದಲ್ಲಿ ಮೂರು ಆಸನಗಳಿವೆಯೇ" ಎಂದು ಕೇಳಬಲ್ಲರು. ದಣಿದ ಸಿಬ್ಬಂದಿಗೆ ಇಂಥ ಪ್ರಶ್ನೆಗೆ ಉತ್ತರಿಸುವುದು ಸುಲಭ. ಅವರ ಮೇಲೆ ರೇಗುವುದರಿಂದ ಆಸನ ಹುಟ್ಟುವುದಿಲ್ಲ.

ಹಣ ಮರಳಿ ಪಡೆಯುವ ಗುಂಡಿಯನ್ನು ಆ ಗಡಿಬಿಡಿಯಲ್ಲಿ ಒತ್ತಿಬಿಡಬಾರದು. ಹಣ ಪಡೆದರೆ ನಿಮ್ಮನ್ನು ಗುರಿ ತಲುಪಿಸುವ ಸಂಸ್ಥೆಯ ಹೊಣೆ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ರಜೆಯ ದುಬಾರಿ ದರದಲ್ಲಿ ಹೊಸ ಟಿಕೆಟನ್ನು ನೀವೇ ಕೊಳ್ಳಬೇಕು. ಬದಲಿ ವಿಮಾನ ಸಾಧ್ಯವೇ ಎಂದು ಮೊದಲು ಕೇಳಿ, ಹಣದ ಮಾತು ನಂತರ. ಪ್ರಯಾಣಿಕರ ಹಕ್ಕುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಉದಾಹರಣೆಗೆ, ಯುರೋಪ್ ಒಕ್ಕೂಟದ ನಿಲ್ದಾಣಗಳಿಂದ ಹೊರಡುವ ವಿಮಾನಗಳಿಗೆ ಅನ್ವಯಿಸುವ 261/2004ನೇ ನಿಯಮದ ಪ್ರಕಾರ, ರದ್ದತಿಗೆ ಹವಾಮಾನವೇ ಕಾರಣವಾಗಿದ್ದರೂ ಬದಲಿ ಪ್ರಯಾಣ ಅಥವಾ ಹಣ ವಾಪಸಿನ ಆಯ್ಕೆಯೂ, ಕಾಯುವ ಹೊತ್ತಿನ ಊಟವೂ, ಅಗತ್ಯವಿದ್ದರೆ ರಾತ್ರಿಯ ವಸತಿಯೂ ಸಿಗಬೇಕು; ಅದಕ್ಕೂ ಮಿಗಿಲಾದ ನಗದು ಪರಿಹಾರ ಮಾತ್ರ ಸಂಸ್ಥೆಯ ಕೈಮೀರಿದ ಕಾರಣಗಳಿದ್ದಾಗ ಸಿಗುವುದಿಲ್ಲ. ಹೊರಡುವ ದೇಶದ ನಿಯಮವನ್ನು ಒಮ್ಮೆ ಓದಿಕೊಂಡಿರುವುದು, ರದ್ದತಿಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವುದು, ನೀವೇ ಮಾಡಿದ ಖರ್ಚಿನ ರಸೀದಿಗಳನ್ನು ಜೋಪಾನವಾಗಿಡುವುದು, ಇವೆಲ್ಲವೂ ಮುಂದೆ ಉಪಯೋಗಕ್ಕೆ ಬರುತ್ತವೆ.

ಇಳಿದ ಮೇಲೆ

ಬೆಲ್ಟಿನಿಂದ ಸೂಟ್‌ಕೇಸನ್ನು ಎತ್ತಿಕೊಂಡ ಕೂಡಲೇ ಟ್ಯಾಗಿನ ಮೇಲಿರುವ ಹೆಸರನ್ನು ಓದಬೇಕು. ಒಂದೇ ರೀತಿಯ ಸೂಟ್‌ಕೇಸುಗಳು ಅದಲುಬದಲಾಗುವುದು ಸಾಮಾನ್ಯ. ಮನೆ ತಲುಪಿದ ಮೇಲೆ ಬೇರೆಯವರ ಬಟ್ಟೆ ಕಂಡರೆ ಮತ್ತೆ ನಿಲ್ದಾಣಕ್ಕೇ ಓಡಬೇಕಾಗುತ್ತದೆ.

ಸೂಟ್‌ಕೇಸು ಬಾರದಿದ್ದರೆ ಅಥವಾ ಒಡೆದು ಬಂದರೆ ಆ ಆವರಣವನ್ನು ಬಿಟ್ಟು ಹೊರಗೆ ಹೋಗುವ ಮೊದಲೇ ವಿಮಾನಸಂಸ್ಥೆಯ ಲಗೇಜು ಕೌಂಟರಿನಲ್ಲಿ ದೂರು ಬರೆಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಲಗೇಜು ಒಪ್ಪಿಸಿದಾಗ ಕೊಟ್ಟ ಚಿಕ್ಕ ಚೀಟಿಯ ಮೇಲಿರುವ ಹತ್ತು ಅಂಕಿಗಳೇ ಅದನ್ನು ಹುಡುಕುವ ಸುಳಿವಾದುದರಿಂದ ಆ ಚೀಟಿಯನ್ನು ಅಲ್ಲಿಯವರೆಗೂ ಎಸೆಯುವಂತಿಲ್ಲ. ಹೊರದೇಶದ ಹಾರಾಟಗಳಲ್ಲಿ ಸಾಮಾನ್ಯವಾಗಿ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ: ಲಗೇಜಿಗೆ ಹಾನಿಯಾಗಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು, ಬರಬೇಕಾಗಿದ್ದ ದಿನದಿಂದ 21 ದಿನಗಳಾದರೂ ಬಾರದಿದ್ದರೆ ಅದನ್ನು ಕಳೆದುಹೋದುದೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಸೂಟ್‌ಕೇಸು ಬರುವವರೆಗೆ ಕೊಳ್ಳಬೇಕಾಗುವ ಅಗತ್ಯ ವಸ್ತುಗಳ ರಸೀದಿಗಳನ್ನೂ ಅದೇ ದೂರಿನ ಸಂಖ್ಯೆಯೊಂದಿಗೆ ಸೇರಿಸಿಡಿ. ಹೊರಡುವ ಮುನ್ನ ತೆಗೆದ ಎರಡು ಫೋಟೋಗಳನ್ನು ಕೌಂಟರಿನವರಿಗೆ ತೋರಿಸಬೇಕಾದುದು ಆಗಲೇ.